ಒಡೆದ ತುಟಿಗೆ ಮನೆಯಲ್ಲೇ ಮುಲಾಮು



ಹಾನಗಲ್ಲ ಸೀಮೆಯಲ್ಲಿ ಭತ್ತದ ಕೊಯ್ಲು, ಗೋವಿನಜೋಳದ ರಾಶಿ ಮುಗಿಯುವ ಹೊತ್ತಿಗೆ ಚಳಿ ಬರುತ್ತದೆ. ಒಣ ಮೂಡಗಾಳಿ ಬೀಸುತ್ತದೆ. ಹೊಲದಲ್ಲಿ ದುಡಿಯುವವರ ತುಟಿ ಬಿರಿಯುತ್ತದೆ, ಹಿಮ್ಮಡಿ ಸೀಳುತ್ತದೆ. ಖಾರದ ಪಲ್ಯ ತಾಕಿದರೆ ಕಣ್ಣಲ್ಲಿ ನೀರು. “ಚಳಿಗಾಲದಲ್ಲಿ ಇದ್ದದ್ದೇ” ಎಂದು ಸುಮ್ಮನಿರಬೇಕಾಗಿಲ್ಲ. ಕೆಲವೇ ಸಾಮಾನುಗಳಿಂದ ಮನೆಯಲ್ಲೇ ಒಳ್ಳೆಯ ಮುಲಾಮು ಮಾಡಿಕೊಳ್ಳಬಹುದು.

ತುಟಿ ಏಕೆ ಒಡೆಯುತ್ತದೆ?

ತುಟಿಯ ಚರ್ಮ ಬಹಳ ತೆಳುವು. ಮೈಯ ಉಳಿದ ಚರ್ಮಕ್ಕೆ ಎಣ್ಣೆ ಒದಗಿಸುವ ಗ್ರಂಥಿಗಳು ಅಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಒಣಗಾಳಿ ಅದರ ತೇವವನ್ನು ಬೇಗ ಹೀರುತ್ತದೆ. ಒಣಗಿತೆಂದು ನಾಲಗೆಯಿಂದ ಸವರಿದರೆ, ಆ ಎಂಜಲು ಆರುವಾಗ ತುಟಿ ಇನ್ನಷ್ಟು ಒಣಗುತ್ತದೆ. ಮುಲಾಮಿನ ಕೆಲಸ ಒಂದೇ: ತೇವ ಹೊರಗೆ ಹೋಗದಂತೆ ಮೇಲೊಂದು ಪದರ ಹಾಸುವುದು.

ಮುರುಗಲ ತುಪ್ಪ

ಇದು ನಮಗೆ ಹೊಸ ವಿದ್ಯೆಯಲ್ಲ. ನಮ್ಮ ನೆರೆಯ ಶಿರಸಿ ಕಡೆಯ ಮನೆಗಳಲ್ಲಿ ಒಡೆದ ತುಟಿಗೂ ಹಿಮ್ಮಡಿಗೂ ಮುರುಗಲ ತುಪ್ಪ ಹಚ್ಚುವುದು ಹಿಂದಿನಿಂದ ಬಂದ ರೂಢಿ. ಬೇಸಿಗೆಯಲ್ಲಿ ಮುರುಗಲ ಹಣ್ಣಾಗುತ್ತದೆ. ಸಿಪ್ಪೆಯನ್ನು ಸಾರಿಗೆ, ಪಾನಕಕ್ಕೆ ಒಣಗಿಸಿಟ್ಟು, ಉಳಿದ ಬೀಜವನ್ನು ತೊಳೆದು ಬಿಸಿಲಿಗೆ ಹರವುತ್ತಾರೆ. ಒಣಗಿದ ಬೀಜದ ಸಿಪ್ಪೆ ತೆಗೆದು, ಒಳತಿರುಳನ್ನು ಕುಟ್ಟಿ ನೀರಿನಲ್ಲಿ ಕುದಿಸಿದರೆ ಕೊಬ್ಬು ಮೇಲೆ ತೇಲುತ್ತದೆ. ಅದನ್ನು ಬಳಿದು ತೆಗೆದು ಉಂಡೆ ಕಟ್ಟುತ್ತಾರೆ. ಈ ಉಂಡೆ ಗಟ್ಟಿಯಾಗಿದ್ದು, ಸುಮಾರು 40 ಡಿಗ್ರಿ ಶಾಖಕ್ಕೆ ಕರಗುತ್ತದೆ.

ಬೇಕಾದ ಸಾಮಾನು

ಕೊಬ್ಬರಿ ಎಣ್ಣೆ 30 ಗ್ರಾಂ, ಮುರುಗಲ ತುಪ್ಪ 10 ಗ್ರಾಂ, ಜೇನುಮೇಣ 10 ಗ್ರಾಂ. ತೂಗಲು ಅನುಕೂಲವಿಲ್ಲದಿದ್ದರೆ ಒಂದೇ ಚಮಚದಿಂದ 3, 1, 1 ಪಾಲು ಅಳೆಯಿರಿ. ಮುರುಗಲ ತುಪ್ಪ ಸಿಗದಿದ್ದರೆ 40 ಗ್ರಾಂ ಎಣ್ಣೆಗೆ 10 ಗ್ರಾಂ ಮೇಣ ಸಾಕು.

ಜೇನುಪೆಟ್ಟಿಗೆ ಇಟ್ಟವರು ತುಪ್ಪ ತೆಗೆದ ಮೇಲೆ ಉಳಿದ ಹಳೆಯ ಎರಿಯನ್ನು ಎಸೆಯಬೇಡಿರಿ. ಅದನ್ನು ನೀರಿನಲ್ಲಿ ಕಾಯಿಸಿ, ಬಟ್ಟೆಯಲ್ಲಿ ಸೋಸಿ ಆರಲು ಬಿಡಿರಿ. ಮೇಣ ನೀರಿನ ಮೇಲೆ ಬಿಲ್ಲೆಯಾಗಿ ಹೆಪ್ಪುಗಟ್ಟುತ್ತದೆ. ಅಂಗಡಿಯ ಮೇಣಬತ್ತಿಯನ್ನು ಇದರ ಬದಲಿಗೆ ಬಳಸಬಾರದು.

ಮಾಡುವ ಕ್ರಮ

1. ಅಗಲ ಪಾತ್ರೆಯಲ್ಲಿ ನೀರು ಕಾಯಿಸಿ, ಅದರೊಳಗೆ ಒಣಗಿದ ಸಣ್ಣ ಬಟ್ಟಲು ಇಡಿರಿ. ಮೇಣ ಬೆಂಕಿ ಹಿಡಿಯುವ ವಸ್ತು. ನೇರವಾಗಿ ಒಲೆಯ ಮೇಲೆ ಇಡಬೇಡಿರಿ.
2. ಮೊದಲು ಮೇಣ ಹಾಕಿರಿ. ಅದು 62ರಿಂದ 64 ಡಿಗ್ರಿಯಲ್ಲಿ ಕರಗುತ್ತದೆ. ಬಳಿಕ ಮುರುಗಲ ತುಪ್ಪ, ಎಣ್ಣೆ ಸೇರಿಸಿ ಕಲಕಿರಿ.
3. ತಣ್ಣನೆಯ ತಟ್ಟೆಯ ಮೇಲೆ ಒಂದು ಹನಿ ಬಿಟ್ಟು ನೋಡಿರಿ. ಬಹಳ ಗಟ್ಟಿಯಾದರೆ ಎಣ್ಣೆ, ಮೆತ್ತಗಾದರೆ ಮೇಣ ತುಸು ಸೇರಿಸಿರಿ.
4. ತೊಳೆದು ಚೆನ್ನಾಗಿ ಒಣಗಿಸಿದ ಡಬ್ಬಿಗೆ ಸುರಿದು, ಆರಿದ ಮೇಲೆ ಮುಚ್ಚಿರಿ. ಮಾಡಿದ ದಿನವನ್ನು ಬರೆದು ಅಂಟಿಸಿರಿ.

ಒಂದು ಹನಿ ನೀರೂ ಬೀಳಬಾರದು. ಬಿದ್ದರೆ ಬೂಸ್ಟು ಹಿಡಿಯಬಹುದು. ಜೇನುತುಪ್ಪ ಎಣ್ಣೆಯೊಂದಿಗೆ ಬೆರೆಯದು, ಹಾಕಬೇಡಿರಿ. ಲಿಂಬೆರಸ ಹಚ್ಚಿ ಬಿಸಿಲಿಗೆ ಹೋದರೆ ಚರ್ಮ ಸುಡುತ್ತದೆ. ಕರ್ಪೂರ ಉರಿ ಹೆಚ್ಚಿಸುತ್ತದೆ. ಕಮಟು ವಾಸನೆ ಬಂದ ಮುಲಾಮನ್ನು ಚೆಲ್ಲಿಬಿಡಿರಿ.

ಹೊಲಕ್ಕೆ ಹೊರಡುವ ಮುನ್ನ, ಊಟವಾದ ಮೇಲೆ, ಮಲಗುವಾಗ ತೆಳ್ಳಗೆ ಹಚ್ಚಿರಿ. ಹಿಮ್ಮಡಿಗಾದರೆ ರಾತ್ರಿ ಕಾಲು ತೊಳೆದು, ಒರೆಸಿ ಹಚ್ಚಿರಿ.

ಮುಲಾಮಿಗೆ ಮಣಿಯದ ತುಟಿ

ಇದು ಈ ಪಾಠದ ಮುಖ್ಯ ಮಾತು. ಮಕ್ಕಳ ಬಾಯಿಯ ಎರಡೂ ಮೂಲೆ ಮತ್ತೆ ಮತ್ತೆ ಸೀಳಿದರೆ ಅದು ಚಳಿಯ ದೋಷವಲ್ಲದಿರಬಹುದು. ಬಿ ಜೀವಸತ್ವ ಅಥವಾ ಕಬ್ಬಿಣದ ಕೊರತೆಯಿಂದಲೂ ಹೀಗಾಗುತ್ತದೆ. ಹಾಲು, ತತ್ತಿ, ಸೊಪ್ಪು, ಮೊಳಕೆ ಕಾಳು ತಿನ್ನಿಸಿರಿ; ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ತೋರಿಸಿರಿ.

ಇನ್ನೊಂದು. ತಂಬಾಕು, ಗುಟ್ಕಾ, ಎಲೆಅಡಿಕೆ ಹಾಕುವವರ ತುಟಿಯಲ್ಲಾಗಲಿ ಬಾಯೊಳಗಾಗಲಿ ಹುಣ್ಣು, ಗಂಟು ಅಥವಾ ಬಿಳಿ ಮಚ್ಚೆ ಕಂಡು 2 ವಾರ ಕಳೆದರೂ ಮಾಯದಿದ್ದರೆ, ನೋವಿಲ್ಲವೆಂದು ತಡಮಾಡಬೇಡಿರಿ. ಅದು ಕ್ಯಾನ್ಸರ್ ಆಗಿರಬಹುದು. ಮೊದಲೇ ತಿಳಿದರೆ ಗುಣವಾಗುವ ಸಾಧ್ಯತೆ ಹೆಚ್ಚು. ಅಂಥ ಹುಣ್ಣಿಗೆ ಮುಲಾಮು ಹಚ್ಚುತ್ತ ದಿನ ದೂಡುವುದು ಜೀವಕ್ಕೇ ಅಪಾಯ.

ಮಾರಾಟದ ಮಾತು

ಮನೆಗೆ, ನೆರೆಹೊರೆಗೆ ಮಾಡಿಕೊಳ್ಳಲು ಅಡ್ಡಿಯಿಲ್ಲ. ಸ್ವಸಹಾಯ ಸಂಘದವರು ಮಾರುವುದಕ್ಕೆ ತಯಾರಿಸುವುದಾದರೆ, ಔಷಧ ಮತ್ತು ಸೌಂದರ್ಯ ಸಾಧನಗಳ 1940ರ ಕಾಯಿದೆಯಂತೆ ಪರವಾನಗಿ ಬೇಕು. ವಿಚಾರಿಸಿಯೇ ಮುಂದುವರಿಯಿರಿ.

ಈ ವಾರ ಮಾಡಬೇಕಾದುದು

ಒಂದು ಡಬ್ಬಿ ಮುಲಾಮು ಮಾಡಿರಿ. ಹಚ್ಚುವ ಮುನ್ನ ಮನೆಯವರೆಲ್ಲರ ಬಾಯಿಯನ್ನು ಬೆಳಕಿನಲ್ಲಿ ಒಮ್ಮೆ ನೋಡಿರಿ. ಬಿರಿದ ತುಟಿಗೆ ಡಬ್ಬಿ ಸಾಕು. ಮಾಯದ ಹುಣ್ಣಿಗೆ ವೈದ್ಯರೇ ಬೇಕು.