ಕೇಳದೆ ಬಂದ ಸಲಹೆ: ಇರಾಕಿನ ದೊರೆ ಫೈಸಲ್ ಮತ್ತು ಅವರ ಸಲಹೆಗಾರರು



ಅರಬ್ಬಿ ಭಾಷೆಯಲ್ಲಿ ಸಲಹೆಗಾರನಿಗೆ ‘ಮುಸ್ತಶಾರ್’ ಎನ್ನುತ್ತಾರೆ. ನಮ್ಮಲ್ಲಿ ಹಲವರ ಮನೆಯಲ್ಲಿ ಬಳಕೆಯಲ್ಲಿರುವ ‘ಮಶ್ವರಾ’ ಮತ್ತು ನಾವು ಕೇಳಿರುವ ‘ಶೂರಾ’ ಕೂಡ ಅದೇ ಧಾತುವಿನಿಂದ ಬಂದ ಪದಗಳು. ಮುಸ್ತಶಾರ್ ಎಂದರೆ ‘ಯಾರ ಸಲಹೆಯನ್ನು ಕೇಳಲಾಗುತ್ತದೋ ಆತ’. ಮೊದಲು ಕೇಳುವವನಿರಬೇಕು, ಆಮೇಲೆ ಹೇಳುವವನು. ನೂರು ವರ್ಷಗಳ ಹಿಂದೆ ಬಾಗ್ದಾದಿನ ಅರಮನೆಯಲ್ಲಿ ಈ ಕ್ರಮ ತಲೆಕೆಳಗಾಗಿತ್ತು. ಅದು ಹೇಗೆಂಬುದೇ ಇಂದಿನ ಪಾಠ.

ದೊರೆ ಬಂದದ್ದು ಹೇಗೆ?

ಮೊದಲ ಮಹಾಯುದ್ಧದಲ್ಲಿ ಬ್ರಿಟಿಷರು ತುರ್ಕರಿಂದ ಬಸ್ರಾ, ಬಾಗ್ದಾದ್ ಮತ್ತು ಮೋಸುಲ್ ಪ್ರಾಂತ್ಯಗಳನ್ನು ಗೆದ್ದರು. 1920ರಲ್ಲಿ ಈ ನಾಡಿನ ‘ಮ್ಯಾಂಡೇಟ್’ ಅವರಿಗೆ ಸಿಕ್ಕಿತು. ಅಂದರೆ, ಜನ ತಮ್ಮನ್ನು ತಾವೇ ಆಳಿಕೊಳ್ಳಲು ಸಿದ್ಧರಾಗುವವರೆಗೆ ಮೇಲುಸ್ತುವಾರಿ ನೋಡಿಕೊಳ್ಳುವ ಅಧಿಕಾರ. ಇರಾಕಿನ ಜನ ಇದನ್ನು ಒಪ್ಪಲಿಲ್ಲ. ಅದೇ ವರ್ಷ ದೊಡ್ಡ ದಂಗೆ ಎದ್ದಿತು. ಅದನ್ನು ಅಡಗಿಸಲು ಬ್ರಿಟನ್ನಿಗೆ ಕೋಟಿಗಟ್ಟಲೆ ಪೌಂಡ್ ಖರ್ಚಾಯಿತು. ನೇರವಾಗಿ ಆಳುವುದು ದುಬಾರಿ ಎಂದು ಲಂಡನ್ನಿಗೆ ಮನವರಿಕೆಯಾಯಿತು.

1921ರ ಮಾರ್ಚ್‌ನಲ್ಲಿ ವಿನ್‌ಸ್ಟನ್ ಚರ್ಚಿಲ್ ಕೈರೋದಲ್ಲಿ ಸಮ್ಮೇಳನ ಕರೆದರು. ಮೆಕ್ಕಾದ ಶರೀಫ್ ಹುಸೇನರ ಮಗ ಫೈಸಲ್ ಅವರನ್ನು ದೊರೆಯಾಗಿಸುವುದೆಂದು ಅಲ್ಲಿ ತೀರ್ಮಾನವಾಯಿತು. ಅರಬ್ ದಂಗೆಯ ನಾಯಕರಾಗಿದ್ದ ಫೈಸಲ್ ಹಿಂದಿನ ವರ್ಷ ಕೆಲವು ತಿಂಗಳು ಸಿರಿಯಾದ ದೊರೆಯಾಗಿದ್ದರು. ಫ್ರೆಂಚರು ಅವರನ್ನು ಅಲ್ಲಿಂದ ಹೊರಹಾಕಿದ್ದರು. ಇರಾಕಿನಲ್ಲಿ ನಡೆಸಿದ ಜನಾಭಿಪ್ರಾಯದಲ್ಲಿ ಶೇಕಡಾ 96 ಮಂದಿ ಅವರ ಪರವೆಂದು ಘೋಷಿಸಲಾಯಿತು. 1921ರ ಆಗಸ್ಟ್ 23ರಂದು ಪಟ್ಟಾಭಿಷೇಕವಾಯಿತು. ಹೊಸ ರಾಜ್ಯಕ್ಕೆ ಇನ್ನೂ ರಾಷ್ಟ್ರಗೀತೆ ಇರಲಿಲ್ಲ. ಹಾಗಾಗಿ ವಾದ್ಯದವರು ಬ್ರಿಟನ್ನಿನ ರಾಷ್ಟ್ರಗೀತೆಯನ್ನೇ ನುಡಿಸಿದರು!

ಸಿಂಹಾಸನದ ಹಿಂದಿದ್ದವರು

ಮೂವರ ಹೆಸರನ್ನು ನೆನಪಿಟ್ಟುಕೊಳ್ಳಿ. ಹೈಕಮಿಷನರ್ ಸರ್ ಪರ್ಸಿ ಕಾಕ್ಸ್ ಬ್ರಿಟಿಷ್ ಇಂಡಿಯಾ ಸರ್ಕಾರದ ಸೇವೆಯಲ್ಲಿ ಪಳಗಿದ ಅಧಿಕಾರಿ. ಅವರ ಕಚೇರಿಯ ‘ಓರಿಯಂಟಲ್ ಸೆಕ್ರೆಟರಿ’ ಗರ್ಟ್ರೂಡ್ ಬೆಲ್ ಅರಬ್ಬಿ, ಪಾರ್ಸಿ ಬಲ್ಲವರು, ಮರುಭೂಮಿಯ ಕಬೀಲೆಗಳನ್ನು ಹತ್ತಿರದಿಂದ ಅರಿತವರು. ಬಾಗ್ದಾದಿನ ಜನ ಅವರನ್ನು ‘ಖಾತೂನ್’ ಎಂದು ಕರೆಯುತ್ತಿದ್ದರು. ಮೂರನೆಯವರು ಗೃಹ ಮಂತ್ರಾಲಯದ ಸಲಹೆಗಾರ ಕಿನಹಾನ್ ಕಾರ್ನ್‌ವಾಲಿಸ್. ಫೈಸಲರ ಜೊತೆಗೇ ಇರಾಕಿಗೆ ಬಂದ ಅವರು 1935ರವರೆಗೂ ಅಲ್ಲಿದ್ದರು.

ಮಂತ್ರಿಗಳು ಇರಾಕಿನವರೇ. ಮೊದಲ ಪ್ರಧಾನಿ ಬಾಗ್ದಾದಿನ ನಕೀಬ್ ಅಬ್ದುಲ್ ರಹಮಾನ್ ಗೀಲಾನಿ, ನಾವೆಲ್ಲ ಬಲ್ಲ ಶೇಖ್ ಅಬ್ದುಲ್ ಖಾದರ್ ಜೀಲಾನಿಯವರ ವಂಶಸ್ಥರು. ಆದರೆ ಮಂತ್ರಿಗಳ ಪಕ್ಕದಲ್ಲಿ ಬ್ರಿಟಿಷ್ ಸಲಹೆಗಾರರು ಕೂತಿರುತ್ತಿದ್ದರು. ಸಹಿ ಮಂತ್ರಿಯದು, ಮಾತು ಸಲಹೆಗಾರನದು.

ದೊರೆ ‘ಇಲ್ಲ’ ಎಂದ ದಿನ

ಸಲಹೆಯ ನಿಜವಾದ ಬಲ ಗೊತ್ತಾಗುವುದು ಅದನ್ನು ನಿರಾಕರಿಸಿದಾಗ. 1922ರ ಆಗಸ್ಟ್ 23ರಂದು, ಪಟ್ಟಾಭಿಷೇಕದ ಮೊದಲ ವಾರ್ಷಿಕೋತ್ಸವದ ದಿನ, ಶುಭ ಕೋರಲು ಕಾಕ್ಸ್ ಅರಮನೆಗೆ ಬಂದಾಗ ಅಲ್ಲಿ ನೆರೆದಿದ್ದ ಜನ ಮ್ಯಾಂಡೇಟ್ ವಿರುದ್ಧ ಘೋಷಣೆ ಕೂಗಿದರು. ಅಷ್ಟರಲ್ಲಿ ಮಂತ್ರಿಮಂಡಲ ರಾಜೀನಾಮೆ ಕೊಟ್ಟಾಗಿತ್ತು. ಅದೇ ವೇಳೆಗೆ ದೊರೆಗೆ ಅಪೆಂಡಿಸೈಟಿಸ್ ಕಾಣಿಸಿಕೊಂಡು ಶಸ್ತ್ರಚಿಕಿತ್ಸೆ ಅನಿವಾರ್ಯವಾಯಿತು.

ಶಸ್ತ್ರಚಿಕಿತ್ಸೆಗೆ ಮುನ್ನ ಕಾಕ್ಸ್ ಹಾಸಿಗೆಯ ಬಳಿಗೆ ಬಂದರು. ವಿರೋಧಿ ನಾಯಕರ ಬಂಧನಕ್ಕೆ ಒಪ್ಪಿಗೆ ಕೊಡಿ ಎಂದರು. ಫೈಸಲ್ ಕೊಡಲಿಲ್ಲ. ದೊರೆ ಚಿಕಿತ್ಸೆಯಲ್ಲಿದ್ದಾಗ ಕಾಕ್ಸ್ ಆಡಳಿತವನ್ನು ತಮ್ಮ ಕೈಗೇ ತೆಗೆದುಕೊಂಡರು. ನಾಯಕರ ಬಂಧನವಾಯಿತು, ಪಕ್ಷಗಳು ಮತ್ತು ಪತ್ರಿಕೆಗಳು ಮುಚ್ಚಿದವು. ಚೇತರಿಸಿಕೊಂಡ ದೊರೆ ಇದನ್ನೆಲ್ಲ ಒಪ್ಪಿಕೊಳ್ಳಬೇಕಾಯಿತು.

ಅದೇ ಅಕ್ಟೋಬರ್ 10ರಂದು ಆಂಗ್ಲೋ-ಇರಾಕ್ ಒಪ್ಪಂದಕ್ಕೆ ಸಹಿಯಾಯಿತು. ಅದರ 4ನೇ ವಿಧಿಯ ಪ್ರಕಾರ, ಬ್ರಿಟನ್ನಿನ ಅಂತಾರಾಷ್ಟ್ರೀಯ ಮತ್ತು ಹಣಕಾಸಿನ ಹಿತಾಸಕ್ತಿಗೆ ಸಂಬಂಧಿಸಿದ ಎಲ್ಲ ಮುಖ್ಯ ವಿಷಯಗಳಲ್ಲಿ ದೊರೆಯು ಹೈಕಮಿಷನರ್ ಸಲಹೆಯಂತೆ ನಡೆಯಬೇಕು. 1924ರ ಜೂನ್‌ನಲ್ಲಿ ಸಂವಿಧಾನ ಸಭೆ ಈ ಒಪ್ಪಂದವನ್ನು ಅನುಮೋದಿಸಿದ್ದು ಕೂಡ ಬ್ರಿಟಿಷರು ಗಡುವು ವಿಧಿಸಿದ ಮೇಲೆಯೇ, ನಡುರಾತ್ರಿಯ ಹೊತ್ತಿಗೆ.

ನಮಗೆ ಪರಿಚಿತವಾದ ಷರತ್ತು

ಇಂಥ ಷರತ್ತು ಕರ್ನಾಟಕಕ್ಕೆ ಹೊಸದಲ್ಲ. 1881ರಲ್ಲಿ ಮೈಸೂರನ್ನು ಚಾಮರಾಜೇಂದ್ರ ಒಡೆಯರ್ ಅವರಿಗೆ ಹಿಂದಿರುಗಿಸುವಾಗಲೂ, ಹಣಕಾಸು, ಕಂದಾಯ ಮುಂತಾದ ವಿಷಯಗಳಲ್ಲಿ ಗವರ್ನರ್ ಜನರಲ್ ಕೊಡುವ ಸಲಹೆಯಂತೆ ಮಹಾರಾಜರು ಯಾವಾಗಲೂ ನಡೆಯಬೇಕೆಂದು ಬರೆಯಲಾಗಿತ್ತು. ‘ಆಜ್ಞೆ’ ಎಂಬ ಪದ ಎರಡೂ ಕಡೆ ಇಲ್ಲ. ಸಿಂಹಾಸನದ ಗೌರವ ಉಳಿಯಿತು, ಅಧಿಕಾರ ಬೇರೆಡೆ ಸೇರಿತು. ಇರಾಕಿನಲ್ಲಿ 1932ರಲ್ಲಿ ದಿನಾರ್ ಬರುವವರೆಗೆ ಭಾರತದ ರೂಪಾಯಿಯೇ ಚಲಾವಣೆಯಲ್ಲಿತ್ತು.

ಹಾಗಾದರೆ ಫೈಸಲ್ ಬರೀ ಗೊಂಬೆಯೇ?

ಅಲ್ಲ. ತಾವೇ ಆರಿಸಿಕೊಂಡ ಸಲಹೆಗಾರರೂ ಅವರಿಗಿದ್ದರು. ಅರಬ್ ದಂಗೆಯ ಕಾಲದ ಒಡನಾಡಿಗಳಾದ ಜಾಫರ್ ಅಲ್-ಅಸ್ಕರಿ ಮತ್ತು ನೂರಿ ಅಸ್-ಸಯೀದ್ ಸೈನ್ಯ ಕಟ್ಟಿದರು. ಸಾತಿ ಅಲ್-ಹುಸ್ರಿ ಶಾಲೆಗಳನ್ನು ರೂಪಿಸಿದರು. ಫೈಸಲ್ ಬ್ರಿಟಿಷರೊಡನೆ ಜಗಳವಾಡುತ್ತಲೇ ಸಂಬಂಧ ಕಡಿದುಕೊಳ್ಳದೆ ಇಷ್ಟಿಷ್ಟೇ ಬಿಡಿಸಿಕೊಂಡರು. 1932ರ ಅಕ್ಟೋಬರ್ 3ರಂದು ಇರಾಕ್ ಲೀಗ್ ಆಫ್ ನೇಷನ್ಸ್ ಸದಸ್ಯತ್ವ ಪಡೆಯಿತು. ಮ್ಯಾಂಡೇಟ್ ನಾಡುಗಳಲ್ಲಿ ಅದೇ ಮೊದಲನೆಯದು. ಆದರೆ 1930ರ ಒಪ್ಪಂದದ ಪ್ರಕಾರ ಬ್ರಿಟಿಷ್ ವಾಯುನೆಲೆಗಳು ಉಳಿದುಕೊಂಡವು. 1933ರ ಸೆಪ್ಟೆಂಬರ್‌ನಲ್ಲಿ ಫೈಸಲ್ ಸ್ವಿಟ್ಜರ್ಲೆಂಡಿನ ಬರ್ನ್‌ನಲ್ಲಿ ತೀರಿಕೊಂಡರು.

ಸಲಹೆಗಾರರನ್ನು ಕೇವಲ ಖಳರೆಂದು ಚಿತ್ರಿಸುವುದೂ ಸರಿಯಲ್ಲ. ಇರಾಕಿನ ಪ್ರಾಚ್ಯವಸ್ತುಗಳ ಸಂಗ್ರಹಾಲಯ ಕಟ್ಟಿದವರು ಬೆಲ್. 1926ರಲ್ಲಿ ತೀರಿಕೊಂಡ ಅವರ ಸಮಾಧಿ ಬಾಗ್ದಾದಿನಲ್ಲೇ ಇದೆ. ಪ್ರಶ್ನೆ ಇರುವುದು ಅವರ ಗುಣದ ಬಗ್ಗೆಯಲ್ಲ, ಅವರ ಸ್ಥಾನದ ಬಗ್ಗೆ. ತಾನು ಕೊಟ್ಟ ಸಲಹೆಯಿಂದ ಕೆಡುಕಾದರೆ ಅವರು ಉತ್ತರಿಸಬೇಕಾದದ್ದು ಲಂಡನ್ನಿಗೆ, ಇರಾಕಿನ ಜನರಿಗಲ್ಲ.

ಆದ್ದರಿಂದ ಇತಿಹಾಸ ಓದುವಾಗ ದೊರೆ ಯಾರು ಎಂದಷ್ಟೇ ಕೇಳಿ ಸುಮ್ಮನಾಗಬೇಡಿ. ಅವನಿಗೆ ಸಲಹೆ ಕೊಟ್ಟವರು ಯಾರು, ಅದನ್ನು ತಿರಸ್ಕರಿಸುವ ಸ್ವಾತಂತ್ರ್ಯ ಅವನಿಗಿತ್ತೇ ಎಂದೂ ಕೇಳಿ. ‘ಬೇಡ’ ಎನ್ನಲು ಬಿಡದ ಸಲಹೆ, ಹೆಸರು ಏನೇ ಇರಲಿ, ಅಪ್ಪಣೆಯೇ.

ಯೋಚಿಸಿ, ಉತ್ತರಿಸಿ

1. ನೇರ ಆಡಳಿತದ ಬದಲು ಸಲಹೆಗಾರರ ಮೂಲಕ ಆಳುವುದು ಬ್ರಿಟನ್ನಿಗೆ ಏಕೆ ಅನುಕೂಲವಾಗಿತ್ತು?
2. 1881ರ ಮೈಸೂರು ಮತ್ತು 1922ರ ಇರಾಕ್ ಷರತ್ತುಗಳನ್ನು ಹೋಲಿಸಿ.
3. ಫೈಸಲರ ಜಾಗದಲ್ಲಿ ನೀವಿದ್ದರೆ ಒಪ್ಪಂದಕ್ಕೆ ಒಪ್ಪುತ್ತಿದ್ದಿರಾ? ಕಾರಣ ಕೊಡಿ.