ಗೊಣ್ಣೆಹುಳ: ಗಿಡ ಬಾಡಿದರೆ ಮೊದಲು ಬೇರು ನೋಡಿ

ನೆಲದಲ್ಲಿ ಹಸಿ ಇದ್ದೂ ಶೇಂಗಾ, ಮೆಕ್ಕೆಜೋಳದ ಗಿಡ ಅಲ್ಲೊಂದು ಇಲ್ಲೊಂದು ಬಾಡುವುದನ್ನು ನಮ್ಮ ಜಗಳೂರು ಕಡೆ ಎಲ್ಲರೂ ನೋಡಿದ್ದೀರಿ. ವಾರ ಬಿಟ್ಟರೆ ಚಾಪೆ ಹಾಸಿದಷ್ಟು ಜಾಗ ಒಣಗಿರುತ್ತದೆ. ಮಳೆ ಸಾಲದು ಅಂತ ಕೆಲವರು ಸುಮ್ಮನಿರುತ್ತಾರೆ, ಕೆಲವರು ಯೂರಿಯಾ ಎರಚುತ್ತಾರೆ. ಖುಷ್ಕಿ ಬೇಸಾಯದಲ್ಲಿ ಎರಡನೇ ಸಲ ಬಿತ್ತಲು ಹದವೂ ಇರಲ್ಲ, ದುಡ್ಡೂ ಇರಲ್ಲ. ಆದ್ದರಿಂದ ಖರ್ಚು ಮಾಡುವ ಮೊದಲು ಗಿಡ ಕಿತ್ತು ನೋಡಬೇಕು.

ಬೇರು ಏನು ಹೇಳುತ್ತದೆ?

ಬಾಡಿದ ಗಿಡ ಸಲೀಸಾಗಿ ಕೈಗೆ ಬಂದು, ಪಕ್ಕದ ಬೇರುಗಳೆಲ್ಲ ಕತ್ತರಿಸಿದಂತೆ ಇದ್ದರೆ ಅದು ಗೊಣ್ಣೆಹುಳದ ಕೆಲಸ. ತಾಯಿಬೇರು ಪೊಳ್ಳಾಗಿ ಒಳಗೆ ಮಣ್ಣು ತುಂಬಿದ್ದರೆ ಗೆದ್ದಲು. ಬುಡದಲ್ಲಿ ಬಿಳಿ ನೂಲಿನಂಥ ಬೂಷ್ಟು, ಸಾಸಿವೆಯಂಥ ಕಾಳು ಕಂಡರೆ ಬುಡಕೊಳೆ ರೋಗ. ಮೂರಕ್ಕೂ ಮದ್ದು ಬೇರೆ ಬೇರೆ. ಗೊಣ್ಣೆಹುಳವೇ ಆದರೆ, ಬಾಡಿದ ಗಿಡದ ಬಳಿ ಮತ್ತು ಅದರ ಪಕ್ಕದ ಹಸಿರು ಗಿಡದ ಬುಡದಲ್ಲಿ ಗೇಣುದ್ದ ಅಗೆಯಿರಿ. ಬಿಳಿ ಮೈ, ಕಂದು ತಲೆ, ಮೂರು ಜೊತೆ ಕಾಲು, ಕುಡುಗೋಲಿನಂತೆ ಬಾಗಿ ಮಲಗಿದ ಹುಳ ಸಿಗುತ್ತದೆ. ಒಂದು ಗಿಡ ಮುಗಿಸಿ ಸಾಲಿನಲ್ಲೇ ಮುಂದಿನದಕ್ಕೆ ಹೋಗುತ್ತದೆ.

ಬಿಳಿ ಹುಳವೆಲ್ಲ ಬೇರು ತಿನ್ನಲ್ಲ

ತಿಪ್ಪೆಯಲ್ಲಿ ಸಿಗುವ ಹೆಬ್ಬೆರಳು ಗಾತ್ರದ ಹುಳ ಹೆಚ್ಚಾಗಿ ತೆಂಗಿನ ಸುಳಿ ಕೊರೆಯುವ ಕೊಂಬಿನ ದುಂಬಿಯ ಮರಿ. ಅದು ಕೊಳೆತ ಗೊಬ್ಬರ ತಿನ್ನುತ್ತದೆ, ಬೇರು ತಿನ್ನಲ್ಲ. ಇನ್ನೊಂದು ಜಾತಿಯನ್ನು ಗಟ್ಟಿ ನೆಲದ ಮೇಲೆ ಬಿಟ್ಟರೆ ಅಂಗಾತ ಬಿದ್ದು ಬೆನ್ನಿನ ಮೇಲೇ ಸರಿಯುತ್ತದೆ. ಅದೂ ಕೊಳೆತದ್ದನ್ನು ತಿಂದು ಬದುಕುವಂಥದ್ದೇ.

ಮನೆ ಮುಂದಿನ ಕುಂಡದಲ್ಲೂ ಇದೇ ಪರೀಕ್ಷೆ. ಪಾಪಸುಕಳ್ಳಿಯಾಗಲಿ, ಲೋಳೆಸರವಾಗಲಿ ಅಲುಗಾಡಿದರೆ ಕುಂಡ ಬೋರಲು ಹಾಕಿ ನೋಡಿ. ಕುಂಡದಲ್ಲಿ ಬೇರೇ ಕಡಿಮೆ, ಒಂದೆರಡು ಹುಳ ಸಾಕು ಗಿಡ ಮುಗಿಸಲು. ಹುಳ ಆರಿಸಿ, ಕೊಳೆತ ಬೇರು ಕೊಯ್ದು, ಕಳ್ಳಿಯನ್ನು ನೆರಳಲ್ಲಿ ವಾರ ಒಣಗಿಸಿ ಹೊಸ ಮಣ್ಣಿಗೆ ನೆಟ್ಟರೆ ಮತ್ತೆ ಬೇರು ಬಿಡುತ್ತದೆ. ಹಳೆ ಮಣ್ಣನ್ನು ಬಿಸಿಲಿಗೆ ಹರಡಿ, ಕೋಳಿ ಆರಿಸಿಕೊಳ್ಳುತ್ತವೆ.

ಹುಳದ ವರ್ಷ

ನಮ್ಮ ಹೊಲದ ಗೊಣ್ಣೆಹುಳಕ್ಕೆ ವರ್ಷಕ್ಕೆ ಒಂದೇ ತಲೆಮಾರು. ಭರಣಿ, ಕೃತ್ತಿಕೆಯಲ್ಲಿ ಮೊದಲ ಜೋರು ಮಳೆ ಬಿದ್ದು ನೆಲ ನೆನೆದರೆ ಸಂಜೆ ಕತ್ತಲಾಗುವ ಹೊತ್ತಿಗೆ ಕಂದು ದುಂಬಿ ಮೇಲೆದ್ದು ಬೇವು, ಜಾಲಿ, ಬೋರೆ ಗಿಡಕ್ಕೆ ಹಾರುತ್ತವೆ. ರಾತ್ರಿ ಎಲೆ ತಿಂದು ಬೆಳಗಾಗುವ ಮೊದಲು ಮಣ್ಣಿಗೆ ಇಳಿಯುತ್ತವೆ, ಅಲ್ಲೇ ಮೊಟ್ಟೆ ಇಡುತ್ತವೆ. ಹತ್ತು ಹನ್ನೆರಡು ದಿನಕ್ಕೆ ಮರಿ. ಎಳೆಮರಿ ಗೊಬ್ಬರದ ಚೂರು, ಸಣ್ಣ ಬೇರು ತಿಂದುಕೊಂಡಿರುತ್ತದೆ. ಪುಷ್ಯ, ಆಶ್ಲೇಷದ ಹೊತ್ತಿಗೆ ಬಲಿತು ಬೇರು ಕಡಿಯುತ್ತದೆ. ನಮಗೆ ನಷ್ಟ ಕಾಣುವುದು ಆಗ, ಅಷ್ಟರಲ್ಲಿ ಅದನ್ನು ಕೊಲ್ಲುವುದು ಕಷ್ಟ.

ಏನು ಮಾಡಬೇಕು?

1. ಮೊದಲ ಮಳೆಯ ರಾತ್ರಿಯಿಂದ ಮೂರ್ನಾಲ್ಕು ದಿನ, ಏಳೂವರೆ ಎಂಟರ ಹೊತ್ತಿಗೆ ಬೇವು, ಜಾಲಿಯ ಕೆಳಗೆ ತಾಟು ಹಾಸಿ ಕೊಂಬೆ ಅಲುಗಿಸಿ. ಬಿದ್ದ ದುಂಬಿಯನ್ನು ಸೀಮೆಎಣ್ಣೆ ಬೆರೆಸಿದ ನೀರಿಗೆ ಹಾಕಿ. ಮೊಟ್ಟೆ ಇಡುವ ಮೊದಲೇ ಹಿಡಿದರೆ ಲಾಭ. ಒಬ್ಬರೇ ಹಿಡಿದರೆ ಪಕ್ಕದ ಹೊಲದ ದುಂಬಿ ಹಾರಿ ಬರುತ್ತವೆ, ಊರಿನವರೆಲ್ಲ ಒಂದೇ ರಾತ್ರಿ ಇಳಿಯಬೇಕು.

2. ಮಾಗಿ ಉಳುಮೆ ಆಳವಾಗಿರಲಿ. ಹುಳ, ಕೋಶ ಮೇಲೆ ಬಂದರೆ ಕಾಗೆ, ಗೊರವಂಕ, ಬೆಳ್ಳಕ್ಕಿ ಹಿಂದೆಯೇ ಬಂದು ತಿನ್ನುತ್ತವೆ.

3. ಹಸಿ ಸಗಣಿ ಗೊಬ್ಬರ ಬೇಡ, ಪೂರ್ತಿ ಕಳಿತದ್ದೇ ಹಾಕಿ.

4. ಮೆಟಾರೈಜಿಯಂ ಎಂಬ ಹಸಿರು ಬೂಷ್ಟಿನ ಪುಡಿ ಎಕರೆಗೆ 2 ಕೆ.ಜಿ.ಯನ್ನು ಒಂದು ಕ್ವಿಂಟಾಲ್ ಕಳಿತ ಗೊಬ್ಬರಕ್ಕೆ ಕಲಸಿ, ತೇವ ಆರದಂತೆ ನೆರಳಲ್ಲಿ ಹತ್ತು ಹದಿನೈದು ದಿನ ಇಟ್ಟು, ಬಿತ್ತನೆ ಹೊತ್ತಿಗೆ ಹಸಿ ನೆಲಕ್ಕೆ ಸೇರಿಸಿ. ಇದು ಮರಿಗೆ ರೋಗ ತರುತ್ತದೆ. ಒಣ ನೆಲಕ್ಕೆ ಹಾಕಿದರೆ ದಂಡ. ಬೆಂಗಳೂರಿನ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲಗಳ ಬ್ಯೂರೋದವರು ಹುಳ ಕೊಲ್ಲುವ ಜಂತುವಿನ ಪುಡಿಯನ್ನೂ ರೂಪಿಸಿದ್ದಾರೆ. ಅದಕ್ಕೂ ತೇವ ಬೇಕೇ ಬೇಕು.

ಹಿಂದೆ ಫೋರೇಟ್ ಹರಳು ಹಾಕುತ್ತಿದ್ದೆವು. ಅದು ಘೋರ ವಿಷ. 2018ರಲ್ಲಿ ಕೇಂದ್ರ ಸರ್ಕಾರ ಆದೇಶ ಹೊರಡಿಸಿ, 2020ರ ಡಿಸೆಂಬರ್ 31ರಿಂದ ನಿಷೇಧಿಸಿದೆ. ಮನೆಯ ಮೂಲೆಯಲ್ಲಿ ಹಳೆ ಚೀಲ ಉಳಿದಿದ್ದರೂ ಮುಟ್ಟಬೇಡಿ.

ಅಡಿಕೆಯವರಿಗೆ ಒಂದು ಮಾತು

ಚನ್ನಗಿರಿ, ಹೊನ್ನಾಳಿ, ನ್ಯಾಮತಿಯ ಅಡಿಕೆ ತೋಟದಲ್ಲಿ ಸೇರುವ ಗೊಣ್ಣೆಹುಳದ ಜಾತಿ ಬೇರೆ. ಗರಿ ಹಳದಿಯಾಗಿ, ಮರದ ತುದಿ ಸಣ್ಣಗಾಗಿ, ಕೈಯಲ್ಲಿ ನೂಕಿದರೆ ಮರ ಅಲುಗಾಡಿದರೆ ಅನುಮಾನಪಡಿ. ಹಳದಿ ರೋಗ, ಗೊಬ್ಬರದ ಕೊರತೆ ಅಂತ ತೀರ್ಮಾನಿಸುವ ಮೊದಲು ಬುಡ ಬಿಡಿಸಿ ನೋಡಿ, ಸಿಕ್ಕ ಹುಳ ಆರಿಸಿ. ನೀರು ನಿಲ್ಲದಂತೆ ಬಸಿಗಾಲುವೆ ಇರಲಿ. ಗುರುತು ಸಿಗದಿದ್ದರೆ ಹುಳವನ್ನು ಮಣ್ಣಿನ ಸಮೇತ ಡಬ್ಬಿಯಲ್ಲಿಟ್ಟು ದಾವಣಗೆರೆಯ ತರಳಬಾಳು ಕೃಷಿ ವಿಜ್ಞಾನ ಕೇಂದ್ರಕ್ಕೆ ಒಯ್ದು ತೋರಿಸಿ.

ನಿಮ್ಮೂರಲ್ಲಿ ದುಂಬಿ ಯಾವ ಮಳೆಗೆ ಎದ್ದವು ಎಂದು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ. ಮುಂದಿನ ವರ್ಷ ತಾಟು ಯಾವಾಗ ಹಾಸಬೇಕೆಂದು ಅದೇ ಹೇಳುತ್ತದೆ.