ಮುಟ್ಟಿದರೆ ಬೊಬ್ಬೆ ಏಳುವ ಚರ್ಮ

ಈ ಸಲ ಬಂದ ಪತ್ರಗಳಲ್ಲಿ ಚರ್ಮದ ಅಪರೂಪದ ಕಾಯಿಲೆಗಳ ಬಗ್ಗೆ ಇದ್ದವನ್ನೇ ಆರಿಸಿಕೊಂಡಿದ್ದೇನೆ. ಮೊಡವೆ, ತಲೆಹೊಟ್ಟು, ಕೂದಲು ಉದುರುವಿಕೆಯ ಬಗ್ಗೆ ಬರೆದವರು ಮುಂದಿನ ಸಂಚಿಕೆಯವರೆಗೆ ತಾಳಿಕೊಳ್ಳಬೇಕು.

ಪ್ರಶ್ನೆ: ನಮ್ಮ ಮಗಳಿಗೆ ಎರಡು ತಿಂಗಳು. ಹುಟ್ಟಿದಾಗಲೇ ಒಂದು ಕಾಲಿನ ಮೇಲೆ ಚರ್ಮ ಇಲ್ಲದೆ ಕೆಂಪಗಿತ್ತು. ಈಗ ಎತ್ತಿಕೊಂಡ ಕಡೆ, ಬಟ್ಟೆ ಉಜ್ಜಿದ ಕಡೆ ನೀರು ತುಂಬಿದ ಬೊಬ್ಬೆ ಏಳುತ್ತದೆ, ಒಡೆಯುತ್ತದೆ. ಒಬ್ಬ ಡಾಕ್ಟರು ಸೋಂಕು ಅಂದರು, ಇನ್ನೊಬ್ಬರು ಬಿಸಿನೀರು ತಾಗಿದೆಯಾ ಎಂದು ನಮ್ಮನ್ನೇ ಕೇಳಿದರು. ಈಗ ತೋರಿಸುತ್ತಿರುವವರು ಬಯಾಪ್ಸಿ ಮಾಡಬೇಕು ಅನ್ನುತ್ತಿದ್ದಾರೆ. ಇಷ್ಟು ಎಳೆಯ ಕೂಸಿಗೆ ಅದು ಬೇಕೇ? ನಮ್ಮದು ಸೋದರಮಾವನ ಜೊತೆಗಿನ ಮದುವೆ.
– ಓದುಗರು, ಹಾವೇರಿ ಜಿಲ್ಲೆ

ಉತ್ತರ: ಬೇಕು. ಪತ್ರ ಓದಿ ರೋಗ ಹೇಳುವುದು ಸರಿಯಲ್ಲ. ಆದರೂ ನೀವು ಬರೆದದ್ದೆಲ್ಲ ಎಪಿಡರ್ಮೊಲೈಸಿಸ್ ಬುಲ್ಲೋಸಾ ಎಂಬ ಹುಟ್ಟುಕಾಯಿಲೆಯ ಕಡೆಗೇ ಬೆರಳು ಮಾಡುತ್ತಿದೆ. ಆಸ್ಪತ್ರೆಗಳಲ್ಲಿ ಇದನ್ನು ಚಿಕ್ಕದಾಗಿ 'ಇಬಿ' ಅನ್ನುತ್ತಾರೆ. ಇದು ಸೋಂಕಲ್ಲ, ಸುಟ್ಟ ಗಾಯವೂ ಅಲ್ಲ, ನಿಮ್ಮ ಆರೈಕೆಯಲ್ಲಿನ ಲೋಪವಂತೂ ಅಲ್ಲವೇ ಅಲ್ಲ.

ರವಿಕೆಗೆ ಲೈನಿಂಗ್ ಬಟ್ಟೆ ಸೇರಿಸಿ ಹೊಲಿಯುತ್ತಾರಲ್ಲ, ನಮ್ಮ ಹೊರಚರ್ಮ ಮತ್ತು ಒಳಚರ್ಮ ಕೂಡಿಕೊಂಡಿರುವುದೂ ಹಾಗೆಯೇ. ಆ ಹೊಲಿಗೆಯ ಎಳೆಗಳೆಂದರೆ ಹಲವು ಬಗೆಯ ಪ್ರೋಟೀನುಗಳು. ಯಾವುದೋ ಒಂದು ಜೀನಿನ ದೋಷದಿಂದ ಒಂದು ಎಳೆ ಇಲ್ಲವಾದರೆ ಅಥವಾ ದುರ್ಬಲವಾದರೆ, ಸ್ವಲ್ಪ ಉಜ್ಜಿದರೂ ಪದರಗಳು ಬೇರೆಯಾಗಿ ನಡುವೆ ನೀರು ತುಂಬಿಕೊಳ್ಳುತ್ತದೆ. ಬಿರುಕು ಹೊರಚರ್ಮದ ಒಳಗೇ ಬಿಟ್ಟರೆ ಅದು ಸಿಂಪ್ಲೆಕ್ಸ್ ಬಗೆ. ಕೆರಾಟಿನ್ 5 ಅಥವಾ 14ರಲ್ಲಿ ದೋಷ ಇರುವುದೇ ಅದರಲ್ಲಿ ಹೆಚ್ಚು. ಎರಡು ಪದರಗಳ ಸಂದಿಯಲ್ಲಿ ಬಿಟ್ಟರೆ ಜಂಕ್ಷನಲ್, ಸಂದಿಯ ಕೆಳಗೆ ಬಿಟ್ಟರೆ ಡಿಸ್ಟ್ರೋಫಿಕ್. ಈ ಕೊನೆಯದರಲ್ಲಿ ಕೈಕೊಡುವುದು ಕೊಲಾಜೆನ್ 7. ಕಿಂಡ್ಲರ್ ಎಂಬ ನಾಲ್ಕನೆಯ ಬಗೆಯೊಂದಿದೆ, ಅದು ಇನ್ನೂ ವಿರಳ.

ಕೂಸನ್ನು ಕಣ್ಣಿನಲ್ಲಿ ನೋಡಿ ಈ ಬಗೆಗಳನ್ನು ವಿಂಗಡಿಸಲು ಹೋದರೆ ಎಂಥ ಅನುಭವಿಯೂ ಎಡವುತ್ತಾರೆ. ಕಾಲಿನ ಮೇಲೆ ಚರ್ಮವಿಲ್ಲದೆ ಹುಟ್ಟುವುದು ಯಾವ ಬಗೆಯಲ್ಲಾದರೂ ಆಗಬಹುದು. ಮುಂದಿನ ದಾರಿಯಂತೂ ಬಗೆಯಿಂದ ಬಗೆಗೆ ಪೂರ್ತಿ ಬೇರೆ. ಸಿಂಪ್ಲೆಕ್ಸ್‌ನ ಎಷ್ಟೋ ಮಕ್ಕಳು ಬೆಳೆದು ಮದುವೆಯಾಗಿ ಸಂಸಾರ ಮಾಡಿಕೊಂಡಿರುತ್ತಾರೆ. ಜಂಕ್ಷನಲ್‌ನ ತೀವ್ರ ರೂಪದಲ್ಲಿ ಮೊದಲ ಎರಡು ವರ್ಷ ದಾಟುವುದೇ ಕಷ್ಟ. ತೀವ್ರ ಡಿಸ್ಟ್ರೋಫಿಕ್‌ನಲ್ಲಿ ಬೆರಳುಗಳು ಅಂಟಿಕೊಳ್ಳುತ್ತವೆ, ಅನ್ನನಾಳ ಕಿರಿದಾಗುತ್ತದೆ, ಪ್ರಾಯಕ್ಕೆ ಬಂದ ಮೇಲೆ ಹಳೆಯ ಗಾಯಗಳಲ್ಲಿ ಕ್ಯಾನ್ಸರ್ ಕಾಣಿಸಿಕೊಳ್ಳುವ ಭಯವಿರುತ್ತದೆ. ಇಷ್ಟು ನೇರವಾಗಿ ಬರೆದದ್ದಕ್ಕೆ ಬೇಸರ ಮಾಡಿಕೊಳ್ಳಬೇಡಿ. ಯಾವ ಬಗೆ ಎಂದು ತಿಳಿಯದೆ ಸಮಾಧಾನದ ಮಾತು ಹೇಳಿದರೂ ತಪ್ಪು, ಹೆದರಿಸಿದರೂ ತಪ್ಪು.

ಇನ್ನು ಬಯಾಪ್ಸಿಯ ವಿಷಯ. ಹಳೆಯ ಬೊಬ್ಬೆಯಿಂದ ತುಣುಕು ತೆಗೆದರೆ ಪ್ರಯೋಜನವಿಲ್ಲ. ಬೊಬ್ಬೆ ಎದ್ದು ಒಂದು ದಿನ ಕಳೆಯುವಷ್ಟರಲ್ಲಿ ತಳದಲ್ಲಿ ಹೊಸ ಚರ್ಮ ಬೆಳೆಯತೊಡಗಿ, ಬಿರುಕು ತಪ್ಪು ಜಾಗದಲ್ಲಿದ್ದಂತೆ ಕಾಣುತ್ತದೆ. ಅದಕ್ಕೇ ಒಂದು ಉಪಾಯವಿದೆ: ಚೆನ್ನಾಗಿರುವ ಚರ್ಮದ ಮೇಲೆ ಪೆನ್ಸಿಲ್ಲಿನ ತುದಿಯ ರಬ್ಬರನ್ನು ಒತ್ತಿ ಮೆಲ್ಲಗೆ ತಿರುಗಿಸುತ್ತಾರೆ. ಚರ್ಮ ಕೆಂಪಾದ ಮೇಲೆ ಕೆಲವು ನಿಮಿಷ ಕಾದು, ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು, ಅದೇ ಜಾಗದಿಂದ ಕೆಲವೇ ಮಿಲಿಮೀಟರಿನ ತುಣುಕು ತೆಗೆಯುತ್ತಾರೆ. ತುಣುಕನ್ನು ಯಾವ ಸೀಸೆಯಲ್ಲಿ ಹಾಕುತ್ತಾರೆ ಎಂಬುದೂ ಅಷ್ಟೇ ಮುಖ್ಯ. ಮಾಮೂಲಿ ಬಯಾಪ್ಸಿಯ ಹಾಗೆ ಫಾರ್ಮಲಿನ್‌ನಲ್ಲಿ ಅದ್ದಿದರೆ ಈ ಪರೀಕ್ಷೆ ಕೆಟ್ಟಿತೆಂದೇ ಲೆಕ್ಕ. ಮಿಶೆಲ್ಸ್ ಮೀಡಿಯಂ ಎಂಬ ಬೇರೆ ದ್ರಾವಣ ಬೇಕು. ಸೂಜಿ ಚುಚ್ಚುವ ಮೊದಲು "ಇಮ್ಯುನೊಫ್ಲೊರೆಸೆನ್ಸ್‌ಗೆ ಕಳಿಸುತ್ತೀರಾ ಸರ್?" ಎಂದು ಕೇಳಿ. ಸಂಕೋಚ ಬೇಡ. ಮಗುವಿಗೆ ಎರಡನೇ ಸಲ ಚುಚ್ಚುವುದು ತಪ್ಪುತ್ತದೆ.

ಇಮ್ಯುನೊಫ್ಲೊರೆಸೆನ್ಸ್ ಎಂದರೆ ಇಷ್ಟೇ: ಲ್ಯಾಬಿನಲ್ಲಿ ತುಣುಕಿನ ತೆಳು ಪದರಗಳಿಗೆ ಹೊಳೆಯುವ ಪ್ರತಿಕಾಯಗಳನ್ನು ಸವರಿ, ಕತ್ತಲ ಕೋಣೆಯ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಕೊಲಾಜೆನ್ 4ರ ಹಸಿರು ಗೆರೆ ಬಿರುಕಿನ ಮೇಲ್ಚಾವಣಿಯಲ್ಲಿ ಕಂಡರೆ ಡಿಸ್ಟ್ರೋಫಿಕ್. ನೆಲದಲ್ಲಿ ಕಂಡರೆ ಜಂಕ್ಷನಲ್ ಅಥವಾ ಸಿಂಪ್ಲೆಕ್ಸ್, ಅವೆರಡನ್ನು ಬೇರ್ಪಡಿಸಲು ಇನ್ನೊಂದು ಪ್ರತಿಕಾಯ. ಯಾವ ಪ್ರೋಟೀನಿನ ಗೆರೆ ಹೊಳೆಯುವುದೇ ಇಲ್ಲವೋ ಅದರ ಜೀನಿನ ಮೇಲೆ ಅನುಮಾನ. ಆಮೇಲೆ ಮಗುವಿನ ಮತ್ತು ನಿಮ್ಮಿಬ್ಬರ ರಕ್ತದಲ್ಲಿ ಜೀನ್ ಪರೀಕ್ಷೆ.

ವರದಿ ಬರುವವರೆಗೆ ಕೈಕಟ್ಟಿ ಕೂರಬೇಕಿಲ್ಲ. ಮೊದಲು ಎಣ್ಣೆ ಹಚ್ಚಿ ತಿಕ್ಕಿ ನೀರೆರೆಯುವುದನ್ನು ನಿಲ್ಲಿಸಿ. ಅಜ್ಜಿಗೆ ಬೇಸರವಾಗುತ್ತದೆ, ಆದರೂ ನಿಲ್ಲಿಸಿ. ಉಡಿದಾರ, ಕರಿಮಣಿ, ಕೈಕಾಲಿನ ಕಡಗ ಎಲ್ಲ ತೆಗೆದಿಡಿ. ದೃಷ್ಟಿಬೊಟ್ಟು ಇಟ್ಟುಕೊಳ್ಳಬಹುದು, ತಿಕ್ಕಿ ಒರೆಸದಿದ್ದರೆ ಆಯಿತು. ಕಂಕುಳಿಗೆ ಕೈ ಹಾಕಿ ಎತ್ತಬೇಡಿ. ಒಂದು ಕೈ ಕತ್ತಿನ ಹಿಂದೆ, ಇನ್ನೊಂದು ಕುಂಡಿಯ ಕೆಳಗೆ ಕೊಟ್ಟು, ಮೆತ್ತನೆ ಬಟ್ಟೆಯ ಸಮೇತ ಎತ್ತಿ. ಅಂಗಿಯನ್ನು ಒಳಮಗ್ಗುಲು ಹೊರಗೆ ಮಾಡಿ ತೊಡಿಸಿದರೆ ಹೊಲಿಗೆಯ ಏಣು ಮೈಗೆ ಉಜ್ಜುವುದಿಲ್ಲ. ಬೊಬ್ಬೆ ಎದ್ದರೆ ಬಿಡಬೇಡಿ, ಅದು ಹರಡುತ್ತಾ ಹೋಗುತ್ತದೆ. ಹೊಸ ಸ್ಟೆರೈಲ್ ಸೂಜಿಯಿಂದ ಕೆಳ ಅಂಚಿನಲ್ಲಿ ಚುಚ್ಚಿ ನೀರು ಇಳಿಸಿ, ಮೇಲಿನ ಸಿಪ್ಪೆಯನ್ನು ಮಾತ್ರ ಕೀಳಬೇಡಿ. ಇದನ್ನು ಆಸ್ಪತ್ರೆಯ ನರ್ಸ್ ಹತ್ತಿರ ಒಂದು ಸಲ ನೋಡಿ ಕಲಿತುಕೊಳ್ಳಿ. ಗಾಯಕ್ಕೆ ಅಂಟುಪಟ್ಟಿ ಬೇಡವೇ ಬೇಡ. ಸಿಲಿಕೋನ್ ಡ್ರೆಸ್ಸಿಂಗ್ ಒಳ್ಳೆಯದು, ಕೈಗೆಟುಕದಿದ್ದರೆ ವ್ಯಾಸಲೀನ್ ಹಚ್ಚಿದ ಶುದ್ಧ ಗಾಜ್ ಬಟ್ಟೆ. ಅರಿಶಿನ, ಪೌಡರ್, ಸೊಪ್ಪಿನ ರಸ ಏನೂ ಬೇಡ. ಲಸಿಕೆಗಳನ್ನು ತಪ್ಪಿಸಬೇಡಿ.

ಪ್ರಶ್ನೆ: ಮೇಲಿನಂಥದೇ ಕಾಯಿಲೆಯಿಂದ ನಮ್ಮ ಮೊದಲ ಮಗು ಎಂಟು ತಿಂಗಳಿಗೆ ತೀರಿಕೊಂಡಿತು. ಪರೀಕ್ಷೆ ಏನೂ ಆಗಲಿಲ್ಲ. ಇನ್ನೊಂದು ಮಗು ಬೇಕು, ಹೆದರಿಕೆಯೂ ಇದೆ. ಅತ್ತೆ ಮನೆಯಲ್ಲಿ ನನ್ನಿಂದಲೇ ಹೀಗಾಯಿತು ಅನ್ನುತ್ತಾರೆ.
– ಒಬ್ಬ ತಾಯಿ, ವಿಜಯಪುರ ಜಿಲ್ಲೆ

ಉತ್ತರ: ಮೊದಲು ಕೊನೆಯ ಮಾತಿಗೆ ಉತ್ತರ. ನಿಮ್ಮ ಮೇಲೆ ಗೂಬೆ ಕೂರಿಸುವುದು ಅನ್ಯಾಯ ಮಾತ್ರವಲ್ಲ, ಸುಳ್ಳು ಕೂಡ. ಇಬಿಯ ತೀವ್ರ ರೂಪಗಳಲ್ಲಿ ಸಾಮಾನ್ಯವಾಗಿ ದೋಷದ ಜೀನು ತಂದೆಯಿಂದ ಒಂದು, ತಾಯಿಯಿಂದ ಒಂದು ಬಂದಿರುತ್ತದೆ. ಒಂದೊಂದೇ ಇದ್ದವರಿಗೆ ಏನೂ ಆಗುವುದಿಲ್ಲ, ಗೊತ್ತೂ ಆಗುವುದಿಲ್ಲ. ಇಬ್ಬರೂ ಅಂಥವರಾದರೆ ಪ್ರತಿ ಬಸಿರಿನಲ್ಲೂ ಕಾಯಿಲೆಯ ಸಾಧ್ಯತೆ ನಾಲ್ಕರಲ್ಲಿ ಒಂದು. ಸೋದರಮಾವ, ಅತ್ತೆಯ ಮಗ ಎಂದು ಒಂದೇ ಬಳ್ಳಿಯಲ್ಲಿ ಮದುವೆಯಾದಾಗ ಇಬ್ಬರೂ ಅದೇ ಹಿರಿಯರಿಂದ ಅದೇ ದೋಷವನ್ನು ಪಡೆದಿರುವ ಸಂಭವ ಹೆಚ್ಚು. ಉತ್ತರ ಕರ್ನಾಟಕದಲ್ಲಿ ಇಂಥ ಮದುವೆಗಳು ಬಹಳ ಇರುವುದರಿಂದ ನನಗೆ ಬರುವ ಪತ್ರಗಳೂ ಆ ಕಡೆಯವೇ ಹೆಚ್ಚು.

ಮಗುವಿನ ರಕ್ತ ಸಿಗದಿದ್ದರೂ ನಿಮ್ಮಿಬ್ಬರ ರಕ್ತದಲ್ಲಿ ಹುಡುಕಬಹುದು. ದೋಷ ಯಾವುದೆಂದು ಬಸಿರಾಗುವ ಮೊದಲೇ ತಿಳಿದಿದ್ದರೆ, 11ರಿಂದ 13ನೇ ವಾರದಲ್ಲಿ ಮಾಸಿನ ಚೂರು ತೆಗೆದು ಭ್ರೂಣಕ್ಕೆ ಕಾಯಿಲೆ ಇದೆಯೋ ಇಲ್ಲವೋ ನೋಡಬಹುದು. ಸ್ಕ್ಯಾನಿಂಗ್‌ನಲ್ಲಿ ಇದು ಕಾಣುತ್ತದೆಂದು ನಂಬಿ ಕೂರಬೇಡಿ. 2021ರ ರಾಷ್ಟ್ರೀಯ ಅಪರೂಪದ ಕಾಯಿಲೆಗಳ ನೀತಿಯ ಅಡಿಯಲ್ಲಿ ಬೆಂಗಳೂರಿನ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಮತ್ತು ಇಂದಿರಾಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ ಸೇರಿ ಒಂದು ಉತ್ಕೃಷ್ಟತಾ ಕೇಂದ್ರವಾಗಿವೆ. ಗಂಡನನ್ನೂ ಕರೆದುಕೊಂಡು ಹೋಗಿ. ಒಬ್ಬರೇ ಹೋದರೆ ಅರ್ಧ ಉತ್ತರವೇ ಸಿಗುವುದು.

ಪ್ರಶ್ನೆ: ಮಗನಿಗೆ ಒಂಬತ್ತು ವರ್ಷ. ಕಾಲು, ಹೊಟ್ಟೆ, ಕತ್ತಿನ ಮೇಲೆ ಮೀನಿನ ಪೊರೆಯ ಹಾಗೆ ಕಂದುಬಣ್ಣದ ಹೊಪ್ಪಳೆ. ಚಳಿಗಾಲದಲ್ಲಿ ವಿಪರೀತ. ನನ್ನ ತಮ್ಮನಿಗೂ ಹೀಗೇ ಇದೆ. ಜೋಯಿಸರು ನಾಗದೋಷ ಅಂದರು, ಆಶ್ಲೇಷ ಬಲಿಯೂ ಆಯಿತು. ಶಾಲೆಯಲ್ಲಿ ಅವನನ್ನು ಬೇರೆ ಬೆಂಚಿನಲ್ಲಿ ಕೂರಿಸುತ್ತಾರೆ.
– ಓದುಗರು, ಪುತ್ತೂರು

ಉತ್ತರ: ಕುಕ್ಕೆಗೆ ಹೋಗಬೇಡಿ ಅನ್ನಲು ನಾನ್ಯಾರು? ಆದರೆ ದೋಷ ನಾಗನದಲ್ಲ, ಎಕ್ಸ್ ಕ್ರೋಮೊಸೋಮಿನದ್ದು ಎಂದು ನನ್ನ ಊಹೆ. ಒಂದು ಪ್ರಶ್ನೆ ಕೇಳುತ್ತೇನೆ: ಈ ಮಗನ ಹೆರಿಗೆಯಲ್ಲಿ ದಿನ ತುಂಬಿದರೂ ನೋವು ಬರದೆ ಡ್ರಿಪ್ ಹಾಕಬೇಕಾಯಿತೇ, ಅಥವಾ ಸಿಸೇರಿಯನ್ ಆಯಿತೇ? ಹೌದಾದರೆ ಅನುಮಾನ ಗಟ್ಟಿಯಾಗುತ್ತದೆ. ಎಕ್ಸ್‌-ಸಂಬಂಧಿ ಇಕ್ತಿಯೋಸಿಸ್ ಎಂಬ ಈ ಕಾಯಿಲೆಯಲ್ಲಿ ಸ್ಟೆರಾಯ್ಡ್ ಸಲ್ಫಟೇಸ್ ಎಂಬ ಕಿಣ್ವ ಇರುವುದಿಲ್ಲ. ಅದು ಮಾಸಿನಲ್ಲೂ ಇಲ್ಲದ್ದರಿಂದ ಹೆರಿಗೆಗೆ ಬೇಕಾದ ಈಸ್ಟ್ರೋಜೆನ್ ಕಡಿಮೆಯಾಗಿ ನೋವು ತಡವಾಗುವುದುಂಟು. ಚರ್ಮದಲ್ಲಿ ಅದಿಲ್ಲದಿದ್ದರೆ ಸತ್ತ ಪದರ ಉದುರದೆ ಅಂಟಿಕೊಂಡೇ ಇರುತ್ತದೆ. ಮೊಣಕೈ, ಮೊಣಕಾಲಿನ ಒಳಮಡಿಕೆಗಳು ಚೆನ್ನಾಗಿದ್ದರೆ ಇನ್ನೊಂದು ಸುಳಿವು. ಹೆಂಗಸರು ದೋಷವನ್ನು ದಾಟಿಸುತ್ತಾರೆ, ಕಾಯಿಲೆ ಗಂಡಸರಲ್ಲಿ ಕಾಣುತ್ತದೆ. ಪತ್ರ ಬರೆದದ್ದು ಹುಡುಗನ ತಾಯಿಯಾದರೆ, ನಿಮ್ಮ ತಮ್ಮನನ್ನೂ ಮಗನನ್ನೂ ಜೋಡಿಸುವ ದಾರಿ ಇದೇ.

ಬಯಾಪ್ಸಿಗಿಂತ ರಕ್ತದಲ್ಲಿ ಜೀನ್ ಪರೀಕ್ಷೆ ಇಲ್ಲಿ ಹೆಚ್ಚು ಉಪಯೋಗ. ಬಹುತೇಕರಲ್ಲಿ ಆ ಜೀನು ಪೂರ್ತಿಯಾಗಿ ಅಳಿಸಿಹೋಗಿರುವುದು ಕಾಣುತ್ತದೆ. ವೃಷಣಗಳು ಕೆಳಗಿಳಿದಿವೆಯೇ ಎಂದು ಮಕ್ಕಳ ವೈದ್ಯರಿಂದ ಒಮ್ಮೆ ನೋಡಿಸಿ. ಸ್ನಾನವಾಗಿ ಮೈ ಇನ್ನೂ ಹಸಿಯಿರುವಾಗಲೇ ಗ್ಲಿಸರಿನ್ ಅಥವಾ ಯೂರಿಯಾ ಇರುವ ಕ್ರೀಮ್, ಅದೂ ದಿನಕ್ಕೆ ಎರಡು ಸಲ. ಶಾಲೆಗೆ ಚರ್ಮರೋಗ ತಜ್ಞರಿಂದ 'ಇದು ಅಂಟುರೋಗವಲ್ಲ' ಎಂದು ಒಂದು ಸಾಲು ಬರೆಸಿಕೊಂಡು ಹೋಗಿ ಮುಖ್ಯೋಪಾಧ್ಯಾಯರ ಕೈಗೇ ಕೊಡಿ.

ಪ್ರಶ್ನೆ: ಅಮ್ಮನಿಗೆ 52 ವರ್ಷ. ಐದು ತಿಂಗಳಿಂದ ಬಾಯಿಹುಣ್ಣು. ಉಷ್ಣ ಎಂದು ಎಳನೀರು, ಬಿ-ಕಾಂಪ್ಲೆಕ್ಸ್ ಎಲ್ಲ ಆಯಿತು. ದಂತವೈದ್ಯರೂ ನೋಡಿದರು. ಈಗ ಎದೆ, ಬೆನ್ನಿನ ಮೇಲೆ ಬೊಬ್ಬೆ.
– ಓದುಗರು, ತುಮಕೂರು

ಉತ್ತರ: ಈ ವಾರವೇ ಚರ್ಮರೋಗ ತಜ್ಞರಿಗೆ ತೋರಿಸಿ, ಮುಂದಿನ ವಾರಕ್ಕೆ ಮುಂದೂಡಬೇಡಿ. ಪೆಂಫಿಗಸ್ ಇರಬಹುದು. ಇದು ಹುಟ್ಟಿನಿಂದ ಬಂದದ್ದಲ್ಲ. ದೇಹದ ರಕ್ಷಣಾ ವ್ಯವಸ್ಥೆಯೇ ಚರ್ಮದ ಕೋಶಗಳನ್ನು ಹಿಡಿದಿಡುವ ಡೆಸ್ಮೊಗ್ಲೀನ್ ಎಂಬ ಪ್ರೋಟೀನಿನ ಮೇಲೆ ತಿರುಗಿಬೀಳುತ್ತದೆ. ಬಾಯಲ್ಲಿ ಶುರುವಾಗಿ ತಿಂಗಳುಗಟ್ಟಲೆ ಅಲ್ಲೇ ಇರುವುದು ಇದರ ಅಭ್ಯಾಸ. ಹಾಗಾಗಿಯೇ ರೋಗ ಗುರುತಿಸುವುದು ತಡವಾಗುವುದು. ಇಲ್ಲೂ ಬಯಾಪ್ಸಿ ಬೇಕು, ತುಣುಕು ಮಾತ್ರ ಎರಡು: ಹೊಸ ಬೊಬ್ಬೆಯ ಅಂಚಿನಿಂದ ಒಂದು ಫಾರ್ಮಲಿನ್‌ಗೆ, ಪಕ್ಕದ ಚೆನ್ನಾಗಿರುವ ಚರ್ಮದಿಂದ ಇನ್ನೊಂದು ಇಮ್ಯುನೊಫ್ಲೊರೆಸೆನ್ಸ್‌ಗೆ. ಈ ರೋಗಿಗಳ ರಕ್ತದಲ್ಲಿ ಪ್ರತಿಕಾಯಗಳಿವೆಯೆಂದು 1964ರಲ್ಲಿ ಅಮೆರಿಕದ ಬಫಲೋದಲ್ಲಿ ಅರ್ನ್ಸ್ಟ್ ಬ್ಯೂಟ್ನರ್ ಮತ್ತು ರಾಬರ್ಟ್ ಜೋರ್ಡನ್ ತೋರಿಸಿಕೊಟ್ಟರು. ಇವತ್ತಿನ ಪರೀಕ್ಷೆ ಹುಟ್ಟಿದ್ದು ಅಲ್ಲಿಂದಲೇ. ಸ್ಟೆರಾಯ್ಡ್ ಬರುವ ಮೊದಲು ಇದು ಬಂದವರಲ್ಲಿ ಹೆಚ್ಚಿನವರು ಉಳಿಯುತ್ತಿರಲಿಲ್ಲ. ಈಗ ರಿಟುಕ್ಸಿಮಾಬ್ ಇಂಜೆಕ್ಷನ್‌ನಿಂದ ಅನೇಕರು ಮಾತ್ರೆಯ ಹಂಗೂ ಇಲ್ಲದೆ ಇದ್ದಾರೆ. ಅದನ್ನು ಕೊಡುವ ಮುಂಚೆ ಕ್ಷಯ ಮತ್ತು ಹೆಪಟೈಟಿಸ್ ಬಿ ಇಲ್ಲವೆಂದು ಖಚಿತಪಡಿಸಿಕೊಳ್ಳಲೇಬೇಕು. ಸ್ಟೆರಾಯ್ಡ್ ಮಾತ್ರೆ ಶುರುವಾದರೆ 'ವಾಸಿಯಾಯಿತು' ಎಂದು ನೀವಾಗಿಯೇ ನಿಲ್ಲಿಸಬೇಡಿ.

ಪ್ರಶ್ನೆ: ಇಬಿ ಇದ್ದ ಹುಡುಗನಿಗೆ ಜರ್ಮನಿಯಲ್ಲಿ ಇಡೀ ಚರ್ಮವನ್ನೇ ಬದಲಿಸಿದರು, ಅಮೆರಿಕದಲ್ಲಿ ಹಚ್ಚುವ ಜೀನ್ ಔಷಧ ಬಂದಿದೆ ಎಂದು ವಾಟ್ಸಾಪಿನಲ್ಲಿ ಬಂತು. ನಿಜವೇ? ಹೊಲ ಮಾರಿಯಾದರೂ ಮಗನನ್ನು ಕಳಿಸಬೇಕೆಂದಿದ್ದೇನೆ.
– ಒಬ್ಬ ತಂದೆ, ದಾವಣಗೆರೆ ಜಿಲ್ಲೆ

ಉತ್ತರ: ಸುದ್ದಿ ನಿಜ. 2015ರಲ್ಲಿ ಜರ್ಮನಿಯ ಬೋಹುಮ್‌ನ ಆಸ್ಪತ್ರೆಗೆ ಏಳು ವರ್ಷದ ಹುಡುಗನೊಬ್ಬ ಸಾವಿನಂಚಿನಲ್ಲಿ ಬಂದ. ಅವನದು ಜಂಕ್ಷನಲ್ ಬಗೆ. ಇಟಲಿಯ ಮೋದೆನಾದಲ್ಲಿ ಮಿಕೇಲೆ ದೆ ಲೂಕಾ ಅವರ ತಂಡ ಅವನ ಚರ್ಮದ ಸಣ್ಣ ತುಣುಕಿನ ಕೋಶಗಳಿಗೆ ಸರಿಯಾದ ಜೀನು ಸೇರಿಸಿ, ಹಾಳೆ ಹಾಳೆಯಾಗಿ ಬೆಳೆಸಿ ಕಳಿಸಿತು. ಹೀಗೆ ಹೊರಚರ್ಮದ ಸುಮಾರು ಶೇ 80 ಭಾಗ ಹೊಸದಾಯಿತು. 2017ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಇದು ಪ್ರಕಟವಾದಾಗ ಹುಡುಗ ಶಾಲೆಗೆ ಹೋಗುತ್ತಿದ್ದ. ಇನ್ನು ಹಚ್ಚುವ ಔಷಧ ವೈಜುವೆಕ್‌ಗೆ ಅಮೆರಿಕದಲ್ಲಿ 2023ರ ಮೇ ತಿಂಗಳಲ್ಲಿ ಒಪ್ಪಿಗೆ ಸಿಕ್ಕಿತು. ಹರ್ಪಿಸ್ ವೈರಸ್ಸನ್ನು ಹಲ್ಲು ಕಿತ್ತ ಹಾವಿನಂತೆ ಮಾಡಿ, ಅದರೊಳಗೆ ಕೊಲಾಜೆನ್ 7ರ ಜೀನು ಇಟ್ಟು, ವಾರಕ್ಕೊಮ್ಮೆ ಗಾಯದ ಮೇಲೆ ಹನಿಸುತ್ತಾರೆ. 31 ಜನರ ಮೇಲೆ ನಡೆದ ಪ್ರಯೋಗದಲ್ಲಿ ಆರು ತಿಂಗಳಿಗೆ ಶೇ 67ರಷ್ಟು ಗಾಯಗಳು ಪೂರ್ತಿ ಮುಚ್ಚಿದ್ದವು. ಬರೀ ಜೆಲ್ ಹಚ್ಚಿದ ಗಾಯಗಳಲ್ಲಿ ಅದು ಶೇ 22.

ಈಗ ನಿಮ್ಮ ಮಗನ ಮಾತು. ಪತ್ರದಲ್ಲಿ ನೀವು ಎಲ್ಲೂ ಬಗೆ ಬರೆದಿಲ್ಲ. ವೈಜುವೆಕ್ ಕೆಲಸ ಮಾಡುವುದು ಡಿಸ್ಟ್ರೋಫಿಕ್ ಬಗೆಗೆ ಮಾತ್ರ. ಮಗನದು ಸಿಂಪ್ಲೆಕ್ಸ್ ಆಗಿದ್ದರೆ ಹೊಲವೂ ಹೋಯಿತು, ಔಷಧವೂ ತಾಗಲಿಲ್ಲ ಎಂದಾಗುತ್ತದೆ. ಡಿಸ್ಟ್ರೋಫಿಕ್ಕೇ ಆಗಿದ್ದರೂ ಅದು ಒಮ್ಮೆ ಹಚ್ಚಿ ಮುಗಿಸುವ ಔಷಧವಲ್ಲ. ಚರ್ಮ ಹೊಸದಾಗುತ್ತಾ ಹೋದಂತೆ ಮತ್ತೆ ಮತ್ತೆ ಹಚ್ಚಬೇಕು, ಬೆಲೆಯೂ ವಿಪರೀತ. ಹೊಲ ಮಾರಬೇಡಿ. ಆ ದುಡ್ಡಿನ ಒಂದು ಚಿಕ್ಕ ಪಾಲಿನಲ್ಲಿ ಜೀನ್ ಪರೀಕ್ಷೆ ಆಗುತ್ತದೆ. ಇನ್ನೊಂದು ಪಾಲು ಒಳ್ಳೆಯ ಡ್ರೆಸ್ಸಿಂಗ್‌ಗೆ, ಮೊಟ್ಟೆ, ಹಾಲು, ಕಬ್ಬಿಣಾಂಶದ ಔಷಧಕ್ಕೆ ಇರಲಿ. ಗಾಯಗಳಿಂದ ರಕ್ತ, ಪ್ರೋಟೀನು ಸೋರಿಹೋಗುವ ಈ ಮಕ್ಕಳನ್ನು ಬೊಬ್ಬೆಯಷ್ಟೇ ರಕ್ತಹೀನತೆಯೂ ಕಾಡುತ್ತದೆ. ಮುಂದೆ ಯಾವುದಾದರೂ ಔಷಧದ ಪ್ರಯೋಗ ನಮ್ಮ ದೇಶದಲ್ಲಿ ನಡೆದರೂ ಅವರು ಮೊದಲು ಕೇಳುವುದು ಜೀನ್ ವರದಿಯನ್ನೇ.

ಈ ತಿಂಗಳು ಬರೆದ ಎಲ್ಲರಿಗೂ ಒಂದು ವಿನಂತಿ. ತಜ್ಞರ ಹತ್ತಿರ ಹೋಗುವಾಗ, ಬೊಬ್ಬೆ ಹೊಸದಾಗಿ ಎದ್ದಾಗ ತೆಗೆದ ಫೋಟೊ ಮೊಬೈಲಿನಲ್ಲಿರಲಿ. ಹಿಂದೆ ಬಯಾಪ್ಸಿ ಆಗಿದ್ದರೆ ವರದಿ ಮಾತ್ರವಲ್ಲ, ತುಣುಕನ್ನು ಹುದುಗಿಸಿಟ್ಟ ಮೇಣದ ಬ್ಲಾಕ್ ಕೂಡ ಕೇಳಿ ತನ್ನಿ. ಮೆಡಿಕಲ್ ಶಾಪಿನಿಂದ ತಂದು ಹಚ್ಚಿದ ಟ್ಯೂಬುಗಳನ್ನು ಎಸೆಯದೆ ಖಾಲಿಯಾದವನ್ನೂ ಚೀಲದಲ್ಲಿ ಹಾಕಿಕೊಂಡು ಬನ್ನಿ. ಅವುಗಳಲ್ಲಿ ಸ್ಟೆರಾಯ್ಡ್ ಇದ್ದರೆ ಬಯಾಪ್ಸಿಗೆ ಎಷ್ಟು ದಿನ ಮೊದಲು ನಿಲ್ಲಿಸಬೇಕೆಂದು ಡಾಕ್ಟರೇ ಹೇಳುತ್ತಾರೆ.